ನಿಮ್ಮ ನರ್ಸ್ ನಾ ಅಲ್ಲ

"ಮತ್ತ ತಡಾ ಮಾಡಿ ಬಂದ್ರಿ!" ಎಂದ ನರ್ಸ್ ಸುಧೀರ, ತುಸು ಗಡುಸಾಗಿಯೇ.

ಧನಶ್ರೀ ಏದುಸಿರು ಬಿಡುತ್ತ ನಿಂತಿದ್ದಳು. ಅಕ್ಕನ ಮಗಳು ನೀಲಾಳನ್ನು ಪಣಜಿಯ ಈ ಕ್ಲಿನಿಕ್ಕಿಗೆ ಕರೆತರುವುದು ಅವಳ ಪಾಲಿನ ಕೆಲಸ. ನೀಲಾಗೆ ಎಡಿಎಚ್‌ಡಿ. ಮನಸ್ಸು ಒಂದೆಡೆ ನಿಲ್ಲದು, ಮೈಯೂ ನಿಲ್ಲದು.

"ತಪ್ಪು ಬಸ್ ಹತ್ತಿ ಕೊರ್ಲಿಮ್‌ಗೆ ಹೋಗಿದ್ವಿ. ಲಕ್ಷ್ಯ ಇಲ್ಲ ಅಂತ ಬೈರಿ. ಎಲ್ಲಾರೂ ಬೈತಾರ." ನಗಲು ಹೋದವಳ ಕಣ್ಣು ತುಂಬಿತು.

ಸುಧೀರ ಮೆತ್ತಗಾದ. ನೀಲಾಳ ಎದುರು ಮಂಡಿಯೂರಿದ. "ನನ್ನ ಕಡೆ ನೋಡು. ಚಪ್ಪಲಿ ಬಿಡು, ಅಷ್ಟ." ಅವಳು ಬಿಟ್ಟಳು. "ಶಾಬಾಸ್! ಈಗ ತೂಕದ ಮಷಿನ್ ಹತ್ತು."

"ನಾ ಸಣ್ಣಾಕಿ ಇದ್ದಾಗ ನಂಗೂ ಯಾರರ ಹಿಂಗ ಹೇಳಿದ್ರ..." ಎಂದಳು ಧನಶ್ರೀ ಮೆಲ್ಲಗೆ.

ಅವನ ನೋಟ ಬೇಕಾದುದಕ್ಕಿಂತ ಹೆಚ್ಚು ಹೊತ್ತು ಅವಳ ಮೇಲೆ ನಿಂತಿತು. "ದೊಡ್ಡವರಿಗೂ ಇದು ಇರತೈತ್ರಿ. ಒಮ್ಮೆ ಡಾಕ್ಟರಿಗೆ ತೋರಿಸ್ರಿ. ನಿಮ್ಮ ತಪ್ಪಲ್ಲ ಇದು."

ಅದಾದ ಮೇಲೂ ಅವಳು ತಡವಾಗಿಯೇ ಬರುತ್ತಿದ್ದಳು. ಅವನು ಬಾಗಿಲನ್ನೇ ನೋಡುತ್ತಿದ್ದ.

ಕೊನೆಗೆ ಅದೇ ಕ್ಲಿನಿಕ್ಕಿನ ಡಾಕ್ಟರಿಗೆ ತೋರಿಸಿದಳು. ಅವಳಿಗೂ ಅದೇ ಇತ್ತು. ಇಷ್ಟು ವರ್ಷದ ಬೈಗುಳಕ್ಕೆ ಒಂದು ಹೆಸರು ಸಿಕ್ಕಿ, ಹಗುರಾಗಿ, ಸುಧೀರನ ಬಳಿ ಓಡಿಬಂದಳು.

"ನಿಮ್ಮನ್ನ ಇನ್ನ ನಂದಾ ಸಿಸ್ಟರ್ ನೋಡ್ಕೋತಾರ್ರಿ. ನೀಲಾನ್ನೂ," ಎಂದ ಅವನು, ಕಣ್ಣು ತಪ್ಪಿಸಿ.

"ಯಾಕ? ನಾ ಇಷ್ಟ ಬೇಗ ಸಾಕಾದ್ನೇನು?"

ಸುತ್ತ ಜನರಿದ್ದರು. ಅವನು ಉತ್ತರಿಸುವ ಮೊದಲೇ ಅವಳು ಹೊರಟುಹೋದಳು.

ಡ್ಯೂಟಿ ಮುಗಿದದ್ದೇ ಸುಧೀರ ಅವಳು ದಿನಾ ಮನೆಗೆ ದೋಣಿ ಹಿಡಿಯುವ ಫೆರ್ರಿ ಕಟ್ಟೆಗೆ ಓಡಿದ. ಮಾಂಡೋವಿ ನದಿಯ ಮೇಲೆ ಸುತ್ತುವ ಹದ್ದುಗಳನ್ನು ನೋಡುತ್ತ ಫೆರ್ರಿ ಹತ್ತುವುದನ್ನೇ ಮರೆತು ಅವಳಿನ್ನೂ ಅಲ್ಲೇ ಇದ್ದಳು.

"ಪೇಷಂಟ್ ಮ್ಯಾಲೆ ನರ್ಸ್ ಮನಸ್ಸಿಡಬಾರದ್ರಿ," ಎಂದ. "ನಾ ಆಗ್ಲೇ ಇಟ್ಟೀನಿ. ಅದಕ್ಕ ನಿಮ್ಮ ನರ್ಸ್ ಆಗಾಕ ನನ್ನ ಕಡಿಂದ ಆಗೂದಿಲ್ಲ."

ಅವಳ ಕಿವಿ ಕೆಂಪಾಯಿತು. "ನಾ ಹುಟ್ಟಿದ ಹಬ್ಬ ಮರೀತೀನಿ. ದಿನಾ ಹಾಲು ಉಕ್ಕಸ್ತೀನಿ. ಸಿಟ್ಟು ಬರತೈತಿ ನಿಮಗ."

"ಒಮ್ಮೊಮ್ಮೆ ಬರತೈತಿ, ಖರೇ. ಬಿಟ್ಟು ಮಾತ್ರ ಹೋಗಂಗಿಲ್ಲ."

ಇನ್ನೊಂದು ಫೆರ್ರಿ ದಡಕ್ಕೆ ತಾಗಿತು. ಅವಳೇ ಅವನ ಕೈ ಹಿಡಿದಳು. "ಬರ್ರಿ, ಅಕ್ಕಗ ಇವತ್ತ ಹೇಳೂಣ. ನಾಳಿಗೆ ಮರ್ತ ಬಿಡ್ತೀನಿ."

"ಇದನ್ನೂ ಮರೀತೀರೇನು?"

ಅವಳ ಬೆರಳುಗಳು ಬಿಗಿಯಾದವು. "ಹೇಳೂದ ಮರೀಬಹುದು. ನಿಮ್ಮನ್ನಲ್ಲ."