ಮೇ ತಿಂಗಳ ಗಂಡ

"ಗೌರೀಶ್ ಅವರ, ನಿಮ್ಮ ಲಗ್ನ ಡಿಸೆಂಬರ್‌ದಾಗ ಆತಲ್ರಿ?" ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದರು ಕಾಂತೇಶ.

"ಹೌದ್ರಿ. ನೀವೂ ಬಂದಿದ್ರಲ್ರಿ, ಎರಡೆರಡು ಸಲ ಹೋಳಿಗಿ ಹಾಕಿಸ್ಕೊಂಡ್ರಿ."

"ಮತ್ತ ಮೇಡಂ ಅವರ ಟ್ಯಾಕ್ಸ್ ರಿಟರ್ನ್‌ನ ಮೊದಲ ಪುಟದಾಗ ಮೇ ತಿಂಗಳಿಂದನ ಗಂಡ ಅದಾನಂತ ತೋರಸಾಕತ್ತೈತಲ್ರಿ?"

ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಎದುರಿನ ಮಹಡಿಯ ಮೇಲಿನ ಸಣ್ಣ ಆಫೀಸು ಅದು. ಕಾಂತೇಶ ವ್ಯಾಪಾರಸ್ಥರ ಜಿಎಸ್‌ಟಿ ತುಂಬುವವರು, ಈಚೆಗೆ ವೀಸಾದ ಕಾಗದವನ್ನೂ ನೋಡುತ್ತಿದ್ದರು. ಗೌರೀಶನ ಪಕ್ಕ ಕುಳಿತಿದ್ದ ಶೀತಲ ಸಿರಸಂಗಿಯ ಹುಡುಗಿ. ಅಡಿಲೇಡ್‌ನಲ್ಲಿ ನರ್ಸ್. ಪೇಟೆಯಲ್ಲಿ ಪಂಪಿನ ಮೋಟಾರು ರಿವೈಂಡಿಂಗ್ ಮಾಡುವ ತನ್ನ ಗಂಡನನ್ನು ಅಲ್ಲಿಗೆ ಕರೆಸಿಕೊಳ್ಳಲೆಂದೇ ರಜೆ ಹಾಕಿ ಬಂದಿದ್ದಳು. ಕರೆಸುವವರ ಆದಾಯಕ್ಕೆ ಪುರಾವೆ ಬೇಕಲ್ಲ, ಅದಕ್ಕೇ ಆಕೆ ಅಲ್ಲಿ ತುಂಬಿದ ಆ ರಿಟರ್ನ್.

ಮದುವೆಗಿಂತ ಮೊದಲೇ ಒಬ್ಬ ಗಂಡ! ಗೌರೀಶ ಕುರ್ಚಿಯ ತುದಿಗೆ ಸರಿದು ಪರದೆಯತ್ತ ಬಗ್ಗಿದ. ಮೋಟಾರಿನ ಸುರುಳಿ ಎಲ್ಲಿ ಸುಟ್ಟಿದೆ ಎಂದು ವಾಸನೆಯಿಂದಲೇ ಹೇಳಬಲ್ಲ ಈ ಪುಣ್ಯಾತ್ಮನಿಗೆ ಹೆಂಡತಿಯ ಮನಸ್ಸು ಮಾತ್ರ ಇನ್ನೂ ತಿಳಿದಿರಲಿಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ಹೆಂಗಸರೆಲ್ಲ ಅಡ್ಡ ನಿಂತು, "ಗಂಡನ ಹೆಸರ ಹೇಳಿ ಒಳಗ ಬಾ" ಎಂದಾಗ ಶೀತಲ ತುಟಿ ಬಿಚ್ಚಿರಲಿಲ್ಲ. ಪ್ರಾಸದ ಸಾಲುಗಳ ಒಡಪು ಕಟ್ಟಿ ಗಂಡನ ಹೆಸರು ಹೇಳುವುದು ಈ ಕಡೆಯ ಪದ್ಧತಿ. ಕೊನೆಗೆ ಗೌರೀಶನ ಅಜ್ಜಿ ಗುರುಬಸವ್ವನೇ, "ಬಿಡ್ರವಾ, ಕೂಸು ನಾಚಾಕತ್ತೈತಿ" ಎಂದು ಒಳಗೆ ಕರೆದುಕೊಂಡಿದ್ದಳು. ಅದು ನಾಚಿಕೆಯೋ, ಒಲ್ಲದ ಮನಸ್ಸೋ ಎಂಬ ಅನುಮಾನ ಗೌರೀಶನಲ್ಲಿ ಉಳಿದೇ ಬಿಟ್ಟಿತ್ತು. ಈಗ ಅದು ಹೆಡೆ ಎತ್ತಿತು.

"ಯಾರಾಂವ?" ಎಂದ.

ಶೀತಲಳ ಮುಖ ಕಿವಿಯವರೆಗೆ ಕೆಂಪಾಯಿತು. ಅವನ ಮುಖದಲ್ಲಿ ಅನುಮಾನ ಕಂಡಳು. ಬ್ಯಾಗು ಹೆಗಲಿಗೇರಿಸಿ ಎದ್ದಳು.

"ನಾ ಸಿರಸಂಗಿಗಿ ಹೊಂಟೇನ್ರಿ. ಆಂವ ಯಾರಂತ ನೀವ ಹುಡಿಕ್ಯಾಡ್ರಿ."

ಕಾಂತೇಶ ಕನ್ನಡಕ ತೆಗೆದು ಒರೆಸಿದರು. "ಗೌರೀಶ್ ಅವರ, ತಾರೀಕು ಎರಡು ನಮೂನಿ ಇದ್ರ ವೀಸಾ ಆಫೀಸಿನವರು ಲಗ್ನಾನ ಸುಳ್ಳು ಅಂದಾರು. ಕೇಸ್ ಅಲ್ಲೇ ನಿಲ್ತೈತಿ. ಮೊದಲ ಅವರನ್ನ ಕರಕೊಂಡ ಬರ್ರಿ."

ಗೌರೀಶ ಮೆಟ್ಟಿಲುಗಳನ್ನು ಹಾರಿಕೊಂಡೇ ಇಳಿದ. ಸಿರಸಂಗಿ ಕಡೆಗೆ ಹೋಗುವ ಸವದತ್ತಿ ಬಸ್ಸು ಇನ್ನೂ ಬಂದಿರಲಿಲ್ಲ. ಶೀತಲ ಕಲ್ಲುಬೆಂಚಿನ ಮೇಲೆ ಕುಳಿತು ಹುರಿದ ಶೇಂಗಾ ತಿನ್ನುತ್ತಿದ್ದಳು, ಸಿಟ್ಟಿಗೆ ಸಿಪ್ಪೆಗಳು ದೂರ ದೂರ ಹಾರುತ್ತಿದ್ದವು.

"ತಪ್ಪಾತು," ಎಂದ ಗೌರೀಶ. "ಕೇಳೋ ರೀತಿ ಅದಲ್ಲ."

"ಸಿಕ್ಕನೇನ್ರಿ ಆಂವ?"

"ಇಲ್ಲ."

"ಕನ್ನಡಿ ನೋಡ್ಕೊಳ್ರಿ, ಸಿಗ್ತಾನ."

ಗೌರೀಶ ಕಣ್ಣು ಪಿಳುಕಿಸಿದ. ಶೀತಲ ನಕ್ಕಳು. ಅವಳು ನಕ್ಕಾಗ ಎಡಗೆನ್ನೆಯಲ್ಲಿ ಬೀಳುವ ಗುಳಿಯನ್ನು ಫೋನಿನಲ್ಲಿ ನೋಡುವುದೇ ಬೇರೆ, ಇಷ್ಟು ಹತ್ತಿರದಿಂದ ನೋಡುವುದೇ ಬೇರೆ. ಅವನಿಗೆ ಕ್ಷಣಕಾಲ ವೀಸಾ ಮರೆತೇ ಹೋಯಿತು.

"ಮೇ ತಿಂಗಳದಾಗ ನಮ್ಮ ನಿಶ್ಚಯ ಇತ್ತಲ್ರಿ. ನಿಮ್ಮಜ್ಜಿ ನನ್ನ ಬಾಯಾಗ ಸಕ್ಕರಿ ಹಾಕಿ, 'ಇವತ್ತಿಂದ ಇಂವ ನಿನ್ನ ಗಂಡ' ಅಂದ್ರು. ನಿಮಗ ಅದು ಶಾಸ್ತ್ರ ಇರಬೇಕು. ನಾ ಖರೆ ಅಂತ ತಿಳಕೊಂಡೆ." ಅವಳ ಕಣ್ಣು ಕೈಯಲ್ಲಿದ್ದ ಶೇಂಗಾದ ಪೊಟ್ಟಣದ ಮೇಲಿತ್ತು. "ಆಗಸ್ಟ್‌ದಾಗ ರಿಟರ್ನ್ ತುಂಬೂ ಮುಂದ, ಗಂಡ ಅದಾನೇನಂತ ಅಲ್ಲಿನ ಫಾರ್ಮ್ ಕೇಳ್ತು. ಅದಾನಂದೆ. ಯಾವತ್ತಿಂದ ಅಂತು. ನಿಶ್ಚಯದ ದಿನಾ ಹಾಕಿದೆ. ಆಮ್ಯಾಲ ಮುಂದಿನ ಪುಟದಾಗ ಹೆಸರ ಕೇಳ್ತು."

"ಹೇಳಿದಿ?"

"ಬಾಯಿಲೆ ಅಂದ್ರ ಎದಿ ಡವಡವ ಅಂತೈತಿ. ಕೈಲೆ ಬರದೆ. ಬರದು ಎಷ್ಟೋ ಹೊತ್ತು ಅದನ್ನ ನೋಡ್ಕೋತ ಕುಂತಿದ್ದೆ."

ಸವದತ್ತಿ ಬಸ್ಸು ಬಂತು, ಹಾರ್ನ್ ಹೊಡೆಯಿತು, ಹೊರಟೂ ಹೋಯಿತು. ಇಬ್ಬರೂ ಅಲ್ಲೇ ಇದ್ದರು. ತಾನು ಇಷ್ಟು ದಿನ ಹೊತ್ತು ತಿರುಗಿದ ಅನುಮಾನ ನೆನೆದು ಗೌರೀಶನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸುಖವಾಯಿತು. ಅವಳ ಕೈಯಿಂದ ಒಂದು ಶೇಂಗಾ ತೆಗೆದುಕೊಂಡ. ಕೈಯನ್ನು ಮಾತ್ರ ಬಿಡಲಿಲ್ಲ.

"ಬಿಡ್ರಿ, ಮಂದಿ ನೋಡಾಕತ್ತಾರ."

"ನೋಡ್ಲಿ. ಮೇ ತಿಂಗಳಿಂದ ಗಂಡ ಅದೇನಿ."

ಮಹಡಿ ಹತ್ತಿ ಮರಳಿದಾಗ ಕಾಂತೇಶ ಕಾಗದ ಸಿದ್ಧವಿಟ್ಟುಕೊಂಡಿದ್ದರು. "ತಾರೀಕು ತಿದ್ದಿಸಿ ರಿಟರ್ನ್ ಮತ್ತೊಮ್ಮಿ ಕೊಡಬೇಕ್ರಿ ಮೇಡಂ. ಯಾಕ ಹಿಂಗಾತಂತ ಒಂದು ವಿವರಣಿನೂ ಬೇಕು. ಅವಸರದಾಗ ತಪ್ಪಿತಂತ ಬರೀಲೇನ್ರಿ?"

ಶೀತಲ ಗಂಡನ ಕಡೆ ನೋಡಿದಳು.

"ತಾರೀಕು ತಿದ್ರಿ ಸರ, ಕಾಯ್ದೆ ಕಾಯ್ದೆನ," ಎಂದ ಗೌರೀಶ. "ಆದ್ರ ಅವಸರ ಅಂತ ಬರೀಬ್ಯಾಡ್ರಿ. ನಿಶ್ಚಯದ ದಿನಾನ ಆಕಿ ನನ್ನನ್ನ ಗಂಡ ಅಂತ ತಿಳಕೊಂಡಿದ್ಲು, ಹಂಗ ಬರೀರಿ. ಅದ ಖರೆ."

ಕಾಂತೇಶ ಬರೆದರು. ಹೋಳಿಗೆಯ ಋಣವೋ ಏನೋ, ಚೆನ್ನಾಗಿಯೇ ಬರೆದರು. ನಿಶ್ಚಯದ ಫೋಟೋ ಲಗತ್ತಿಸಿದರು, ಅದರಲ್ಲಿ ಅಜ್ಜಿಯ ಕೈ ಸಕ್ಕರೆ ಸಮೇತ ಶೀತಲಳ ಬಾಯಲ್ಲಿತ್ತು. ಶೀತಲ ಅಡಿಲೇಡಿಗೆ ಮರಳಿದಳು. ಮುಂದೆ ತಿಂಗಳುಗಟ್ಟಲೆ ಗೌರೀಶ ಫೋನಿನ ಸದ್ದಾದಾಗಲೆಲ್ಲ ತಂತಿ ಸುತ್ತುವುದನ್ನು ಬಿಟ್ಟು ಓಡಿದ. ಒಂದು ಮಧ್ಯಾಹ್ನ ವೀಸಾ ಬಂದೇ ಬಂತು.

ಅಡಿಲೇಡಿನ ಬಾಡಿಗೆ ಮನೆಯ ಬಾಗಿಲು ತೆರೆದು ಶೀತಲ ಒಳಗೆ ಹೋದಳು. ತಿರುಗಿ ನೋಡಿದರೆ ಗೌರೀಶ ಹೊರಗೇ ನಿಂತಿದ್ದ, ಒಂದು ಕೈಯಲ್ಲಿ ಸೂಟ್‌ಕೇಸ್, ಇನ್ನೊಂದರಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ.

"ಬರ್ರಿ ಒಳಗ. ಥಂಡಿ ಐತಿ."

"ಹೆಸರ ಹೇಳಿದ್ರ ಬರ್ತೇನಿ. ನಮ್ಮ ಮನಿ ಹೊಸ್ತಿಲದಾಗ ಬಾಕಿ ಉಳಿಸ್ಕೊಂಡಿದ್ದಿ."

ಪಕ್ಕದ ಮನೆಯವರು ಇಣುಕಿದರು. ಶೀತಲ ತುಟಿ ಕಚ್ಚಿದಳು, ಚೌಕಟ್ಟು ಹಿಡಿದಳು, ಕಣ್ಣು ಮುಚ್ಚಿದಳು. ಆಮೇಲೆ ಕಣ್ಣು ಬಿಟ್ಟು, ನೇರವಾಗಿ ಅವನನ್ನೇ ನೋಡುತ್ತ ಹೇಳಿದಳು:

"ಬೈಲಹೊಂಗಲ ಪ್ಯಾಟ್ಯಾಗ ಬೆಲ್ಲದ ಲೆಕ್ಕ,
ಅಡಿಲೇಡ್ ಊರಾಗ ಟ್ಯಾಕ್ಸಿನ ಲೆಕ್ಕ,
ಗೌರೀಶ ಅವರ ಹೆಸರ ನನ್ನ ಹೆಸರಿನ ಪಕ್ಕ."

ಗೌರೀಶ ಹೊಸ ಸೊಸೆಯಂತೆ ಬಲಗಾಲಿಟ್ಟು ಒಳಗೆ ಬಂದ.