ಕಂಚಿನ ಸನ್ಯಾಸಿನಿಯ ಕೈ

ಹಳೆಯ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಪ್ರತಿಮೆಗಳಿಗೆ ಮೇಣ ಹಚ್ಚಿ ಹೊಳಪು ಕೊಡುವುದು ನನ್ನ ಕೆಲಸ. ಚಾಪೆಲ್ ಪಕ್ಕದ ನೆರಳಿನಲ್ಲಿ, ಸಂಸ್ಥೆ ಕಟ್ಟಿದ ಸನ್ಯಾಸಿನಿಯ ಕಂಚಿನ ಪ್ರತಿಮೆಯಿದೆ. ಪರೀಕ್ಷೆಗೆ ಹೊರಟ ಹುಡುಗಿಯರು ಅದರ ಚಾಚಿದ ಅಂಗೈಯಲ್ಲಿ ಕೈಯಿಟ್ಟು ಹೋಗುತ್ತಾರೆ.

ರಜೆಯ ಒಂದು ಮಧ್ಯಾಹ್ನ ಆ ಕೈಗೆ ಮೇಣ ಹಚ್ಚಿ ಕಾವಲುಗಾರನಿಗೆ ಹೇಳಿದೆ: "ಒಣಗೋವರೆಗೂ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಪ್ಪ."

"ಯಾರಿದ್ದಾರೆ ಅಕ್ಕಾ? ನೀವು, ನಾನು, ಆ ಕಾಗೆ," ಎಂದು ನಕ್ಕು ಅವನು ಗೇಟಿನ ಕಡೆ ನಡೆದ.

ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಅಲ್ಲಿಂದೀಚೆಗೆ ನನ್ನ ಕೈಯನ್ನು ಯಾರೂ ಹಿಡಿದಿರಲಿಲ್ಲ. ಏನನ್ನಿಸಿತೋ, ಹಸಿ ಮೇಣದ ಮೇಲೆ ನಾನೇ ಅಂಗೈಯಿಟ್ಟೆ. ಕಂಚು ಬೆಚ್ಚಗಿತ್ತು, ಮೈಬಿಸಿಯಷ್ಟೇ.

ಕೈ ತೆಗೆದಾಗ ಅಂಗೈಗೆ ಮೇಣ ಅಂಟಿತ್ತು, ಅದು ಸರಿಯೇ. ಆದರೆ ನನ್ನ ಕೈಯ ಹಿಂಬದಿಯಲ್ಲೂ ಮೇಣದ ನಾಲ್ಕು ಬೆರಳಚ್ಚುಗಳಿದ್ದವು. ಪ್ರತಿಮೆಯ ಬೆರಳುಗಳು ಎಂದಿನಂತೆ ಚಾಚಿಯೇ ಇದ್ದವು.

ಸಂಜೆಯಾದರೂ ಕೈ ತೊಳೆಯಲು ನನಗೆ ಮನಸ್ಸಾಗಲಿಲ್ಲ.