ಮೊದಲು ಹೇಳಿದ್ದು ಉತ್ತರವಲ್ಲ

ಆ ಮನುಷ್ಯನಿಗೆ ಅವಳು ಮನಸ್ಸಿನಲ್ಲೇ ಇಟ್ಟಿದ್ದ ಹೆಸರು ಬೆಣ್ಣೆಗಂಟಲು. ಬಾಯಿಬಿಟ್ಟು ಬೈಯಲಾರದವರು ಹೆಸರಿಡುವುದರಲ್ಲಿ ಬಲು ಗಟ್ಟಿಗರು.

ಮೊದಲ ಭೇಟಿಯಲ್ಲೇ ಅವನು ಅವಳ ಮೇಜಿಗೆ ಒರಗಿ ನಿಂತು, "ನಿಮ್ಮ ಸ್ಕ್ರಿಪ್ಟಲ್ಲಿ 'ಮ್ಯಾನ್' ಅಂತ ಒಬ್ಬ ಬರ್ತಾನಲ್ಲ, ಅದು ನಾನೇ" ಎಂದಿದ್ದ. ಹೇಳಿ, ತನ್ನ ದನಿ ಗೋಡೆಗೆ ತಾಗಿ ವಾಪಸು ಬರುವುದನ್ನು ಸವಿಯುವವನಂತೆ ಕತ್ತು ವಾಲಿಸಿದ. ಅವಳು ಕಣ್ಣೆತ್ತಿ, ಅವನ ನೀಲಿ ಅಂಗಿಯ ಎರಡನೇ ಗುಂಡಿಗೆ ಕಪ್ಪು ದಾರ ಹಾಕಿರುವುದನ್ನು ಗಮನಿಸಿ, ಮತ್ತೆ ತಲೆ ತಗ್ಗಿಸಿದಳು. ಆಫೀಸಿನಲ್ಲಿ ಎಲ್ಲರೂ ಅವಳನ್ನು ಮೌನಗೌರಿ ಎನ್ನುತ್ತಿದ್ದರು. ಒಳಗೆ ನಡೆಯುವ ಭಾಷಣ ಕೇಳಿಸಿದ್ದರೆ ಆ ಹೆಸರನ್ನು ಅವತ್ತೇ ಕಿತ್ತುಕೊಳ್ಳುತ್ತಿದ್ದರು.

ಅವರದು ದೇಶವಿದೇಶದ ಇಂಗ್ಲಿಷ್ ಮೇಷ್ಟ್ರುಗಳಿಗೆ ಪಾಠದ ಸಾಮಗ್ರಿ ಒದಗಿಸುವ ವೆಬ್‌ಸೈಟು. ವರ್ಕ್‌ಶೀಟು, ಮಾದರಿ ಪ್ರಶ್ನೆಪತ್ರಿಕೆ, ಕೇಳಿ ಉತ್ತರಿಸುವ ಪರೀಕ್ಷೆಗೆ ಬೇಕಾದ ಆಡಿಯೋ. ತಯಾರಿಯಿಲ್ಲದ ಮೇಷ್ಟ್ರೊಬ್ಬ ಕಾರಿಡಾರಿನಲ್ಲೇ ಡೌನ್‌ಲೋಡ್ ಮಾಡಿಕೊಂಡು ಕ್ಲಾಸಿಗೆ ನುಗ್ಗಲು ಬೇಕಾದದ್ದೆಲ್ಲ ಅಲ್ಲಿತ್ತು. ಮೇಲೆ ದಪ್ಪಕ್ಷರದಲ್ಲಿ 'ಭಯ ಬಿಡಿ, ಅಂಕ ಹಿಡಿಯಿರಿ'. ಯಜಮಾನಿ ಸ್ವತಃ ಹೊಸೆದ ಸಾಲು. ಅದನ್ನು ಓದಿದಾಗಲೆಲ್ಲ ಅವಳ ಹಲ್ಲು ಜುಮ್ಮೆನ್ನುತ್ತಿತ್ತು.

ಆಡಿಯೋದ ಸಂಭಾಷಣೆ ಬರೆಯುವುದು ಅವಳ ಕೆಲಸ. ಗಂಡಸೊಬ್ಬ ಲೈಬ್ರರಿ ಕಾರ್ಡು ಕೇಳುತ್ತಾನೆ, ಹೆಂಗಸೊಬ್ಬಳು ನಗುನಗುತ್ತಾ ಕೊಡುತ್ತಾಳೆ. ಆ ಲೋಕದಲ್ಲಿ ಯಾರೂ ಗೊಣಗುವುದಿಲ್ಲ, ಯಾರಿಗೂ ತಲೆನೋವಿಲ್ಲ; ಹೆಸರು ಕೇಳಿದರೆ ಒಂದೊಂದೇ ಅಕ್ಷರ ಬಿಡಿಸಿ ಹೇಳುವಷ್ಟು ಪುರಸೊತ್ತು. ಮೇಣದ ಗೊಂಬೆಗಳು! ಅವುಗಳಿಗಿದ್ದ ಚಾಳಿ ಒಂದೇ: ಮೊದಲು ತಪ್ಪು ಹೇಳಿ, ಆಮೇಲೆ ತಿದ್ದಿಕೊಳ್ಳುವುದು. 'ಮಂಗಳವಾರ ಬರ್ತೀನಿ... ಅಲ್ಲ, ಸಾರಿ, ಬುಧವಾರ.' ಅವಸರದ ಹುಡುಗರು ಮಂಗಳವಾರವೆಂದು ಬರೆದು ಅಂಕ ಕಳೆದುಕೊಳ್ಳಲೆಂದೇ ಒಡ್ಡಿದ ಬಲೆ. ಮೊದಲು ಹೇಳಿದ್ದು ಉತ್ತರವಲ್ಲ, ತಿದ್ದಿ ಹೇಳಿದ್ದೇ ಉತ್ತರ. ಆ ಕಸುಬಿನ ಗುಟ್ಟೆಲ್ಲ ಇಷ್ಟೇ.

ಹೆಂಗಸಿನ ಭಾಗ ಓದುತ್ತಿದ್ದಾಕೆ ಕೆಲಸ ಬಿಟ್ಟಾಗ ಯಜಮಾನಿ, "ಬರೆದವಳಿಗಿಂತ ಚೆನ್ನಾಗಿ ಇನ್ಯಾರು ಓದ್ತಾರೆ?" ಎಂದು ಮೌನಗೌರಿಯನ್ನೇ, ಗಂಡಸಿನ ಭಾಗ ಓದುವ ಬೆಣ್ಣೆಗಂಟಲಿನ ಎದುರು ಕೂರಿಸಿದರು.

ರೆಕಾರ್ಡಿಂಗ್ ರೂಮೆಂದರೆ ಹಳೆಯ ಸಾಮಾನು ಕೋಣೆ. ಸದ್ದು ಹೀರಲು ಗೋಡೆಗೆಲ್ಲ ಕಂಬಳಿ ಹೊಡೆದಿತ್ತು. ಎರಡು ಕುರ್ಚಿ, ನಡುವೆ ಒಂದೇ ಮೈಕು. ಇಬ್ಬರೂ ಒಟ್ಟಿಗೆ ಬಾಗಿದರೆ ಹಣೆಗೆ ಹಣೆ ತಾಗುವಷ್ಟು ಹತ್ತಿರ. ಅವನು ಬಿಸಿನೀರು ಕುಡಿದು, ಕೊಕ್ಕರೆಯಂತೆ ಕತ್ತು ಉದ್ದ ಮಾಡಿ ಗಂಟಲು ಸರಿಪಡಿಸಿಕೊಳ್ಳುವುದನ್ನು ಅವಳು ಅಸಹ್ಯದಿಂದ ನೋಡುತ್ತಿದ್ದಳು. ಎಂಥ ಅಸಹ್ಯವೆಂದರೆ, ಒಂದು ದಿನವೂ ತಪ್ಪಿಸದೆ ನೋಡುತ್ತಿದ್ದಳು.

"ಉಸಿರು ಬಿಡಿ," ಎನ್ನುತ್ತಿದ್ದ ಅವನು. "ನೀವು ಕೊಡ್ತಿರೋದು ಲೈಬ್ರರಿ ಕಾರ್ಡು, ಕಿಡ್ನಿ ಅಲ್ಲ."

"ನೀವು ಮಧ್ಯೆ ಮಧ್ಯೆ 'ವೆಲ್', 'ಓಹ್' ಅಂತ ಸೇರಿಸಬೇಡಿ. ನಾನು ಬರೆದಿಲ್ಲ."

"ಮನುಷ್ಯರು ಹಾಗೇ ಅಲ್ವಾ ಮಾತಾಡೋದು?"

"ಇವರು ಮನುಷ್ಯರಲ್ಲ. ಪರೀಕ್ಷೆಯೋರು."

ಅವನು ನಕ್ಕ. ಕಂಬಳಿ ಹೊಡೆದ ಕೋಣೆಯಲ್ಲಿ ಆ ನಗು ಬೇರೆಲ್ಲೂ ಹೋಗಲಾರದೆ ಅವಳ ಕಿವಿಯ ಬಳಿಯೇ ಉಳಿದುಬಿಟ್ಟಿತು.

ಮನೆಯಲ್ಲಿ ಒಗೆದ ಬಟ್ಟೆ ಮಡಚುತ್ತಾ ಅವಳು ಅಕ್ಕನಿಗೆ ವರದಿ ಒಪ್ಪಿಸುತ್ತಿದ್ದಳು. "ತಾನೇನೋ ದೊಡ್ಡ ಕಲಾವಿದ ಅನ್ಕೊಂಡಿದಾನೆ ಕಣೇ. ಒಂದು ಗುಂಡಿ ಹೊಲಿಯೋಕೆ ಬರಲ್ಲ. ನೀಲಿ ಅಂಗಿಗೆ ಕಪ್ಪು ದಾರ!"

"ದಾರದವರೆಗೂ ನೋಡಿದೀಯಾ?"

"ಕಣ್ಣಿಗೆ ಬಿತ್ತು."

"ದಿನಾ ಒಬ್ಬನನ್ನೇ ಬೈತೀಯಲ್ಲೇ. ಲೋಕದಲ್ಲಿ ಬೇರೆ ದಡ್ಡರೆಲ್ಲ ಮುಗಿದುಹೋದ್ರಾ?"

ಅವಳು ಮಡಚಿದ್ದ ಟವೆಲನ್ನೇ ಬಿಡಿಸಿ ಮತ್ತೆ ಮಡಚಿದಳು.

ಅಷ್ಟರಲ್ಲಿ ಯಜಮಾನಿ ಕಂಪ್ಯೂಟರಿನ ದನಿ ಕೊಂಡು ತಂದರು. "ಇದಕ್ಕೆ ನೆಗಡಿ ಬರಲ್ಲ, ರಜಾ ಕೇಳಲ್ಲ, ಬಿಸಿನೀರೂ ಬೇಡ," ಎಂದು ಎಲ್ಲರಿಗೂ ಕೇಳಿಸಿದರು. ಫ್ರಿಜ್ಜೊಂದು ಶಿಷ್ಟಾಚಾರ ಕಲಿತು ಮಾತನಾಡಿದಂತಿತ್ತು. ಆ ವಾರದ ರೆಕಾರ್ಡಿಂಗೇ ಕೊನೆಯದು. ಇನ್ನು ಮ್ಯಾನೂ ಬೇಡ, ವುಮನ್ನೂ ಬೇಡ.

ಕೊನೆಯ ದಿನ ಇನ್ನೊಂದೇ ಸಂಭಾಷಣೆ ಬಾಕಿಯಿದ್ದಾಗ ಅವನು ಹೆಡ್‌ಫೋನ್ ತೆಗೆದಿಟ್ಟ. ಯಾವತ್ತೂ ಇಲ್ಲದೆ ಆವತ್ತು ಕಾಗದದ ಮೂಲೆಯನ್ನು ಮಡಚುತ್ತಿದ್ದ.

"ನಾಳೆಯಿಂದ ನಾವು ಸಿಗೋಕೆ ಕಾರಣನೇ ಇರಲ್ಲ. ಹೊರಗೆ ಎಲ್ಲಾದ್ರೂ ಒಂದು ಕಾಫಿ ಕುಡಿಯೋಣ್ವಾ? ಸ್ಕ್ರಿಪ್ಟ್ ಇಲ್ಲದೆ ಮಾತಾಡಿ ನೋಡೋಣ."

ಸ್ಕ್ರಿಪ್ಟ್ ಇಲ್ಲದೆ! ಎದುರು ಕೂತು ತಾನು ಏನು ಹೇಳಿಯಾಳು? ಹೆದರಿಕೆ ತಿರಸ್ಕಾರವಾಗಿ ಹೊರಬಿತ್ತು.

"ನಿಮ್ಮ ಜೊತೆ ಏನು ಮಾತು? ದನಿ ಒಂದನ್ನ ತೆಗೆದರೆ ನಿಮ್ಮಲ್ಲಿ ಉಳಿಯೋದೇನು?"

ಆ ಆಫೀಸಿನಲ್ಲಿ ಕೆಲಸದ ವಿಷಯ ಬಿಟ್ಟು ಅವಳು ಆಡಿದ ಅತಿ ಉದ್ದದ ಮಾತು ಅದು. ಬಾಗಿಲು ದಢಾರನೆ ಹಾಕಿಕೊಂಡು ಹೊರಟೇಹೋದಳು.

ಅವರ ರೂಢಿಯೆಂದರೆ, ಮೈಕನ್ನು ಒಮ್ಮೆ ಚಾಲೂ ಮಾಡಿದರೆ ಕೊನೆಯವರೆಗೂ ನಿಲ್ಲಿಸುವುದಿಲ್ಲ. ಬೇಡದ್ದನ್ನು ಆಮೇಲೆ ಅವನು ಕತ್ತರಿಸುತ್ತಿದ್ದ. ಪೂರ್ತಿ ಕೇಳಿ, ಉತ್ತರ ಸರಿನೋಡಿ, ಸೈಟಿಗೆ ಏರಿಸುವುದು ಅವಳ ಪಾಲು. ಈ ಸಲ ಅವನು ಕತ್ತರಿಸದೆ ಕಳಿಸಿದ. ಜೊತೆಗೊಂದು ಮೆಸೇಜು ಕಳಿಸಿದ್ದ, ಅವಳು ತೆರೆಯಲಿಲ್ಲ. ಆ ದನಿ ಕೇಳುವುದೇ ಬೇಡವೆಂದು ಕಣ್ಣುಮುಚ್ಚಿ ಏರಿಸಿಬಿಟ್ಟಳು.

ಎರಡು ದಿನಕ್ಕೆ ಮೇಷ್ಟ್ರುಗಳ ಕಾಮೆಂಟು ಶುರುವಾಯಿತು. 'ಕೊನೆಯ ಭಾಗ ಯಾವ ಭಾಷೆ? ಉತ್ತರಪತ್ರಿಕೆಯಲ್ಲಿ ಇದಕ್ಕೆ ಉತ್ತರವೇ ಇಲ್ಲ.' ಎಲ್ಲಿಯವಳೋ ಒಬ್ಬ ಟೀಚರು ಬರೆದಿದ್ದಳು: 'ಭಾಷೆ ತಿಳಿಯದಿದ್ದರೂ ನನ್ನ ವಿದ್ಯಾರ್ಥಿಗಳು ಅದನ್ನೇ ಮತ್ತೆ ಹಾಕಿ ಅನ್ನುತ್ತಾರೆ. ಬಾಗಿಲು ಹಾಕಿಕೊಂಡು ಹೋದ ಹೆಂಗಸು ವಾಪಸು ಬಂದಳೇ?'

"ಏನಮ್ಮ ಇದು?" ಯಜಮಾನಿ ಮೇಜಿಗೆ ಬಡಿದರು. "ಮಾನ ಹರಾಜಾಯ್ತು. ಅವನನ್ನ ನೀನೇ ಕರೆಸು, ಕೂತು ಸರಿಮಾಡಿ!"

ಅವಳು ಹೆಡ್‌ಫೋನ್ ಹಾಕಿಕೊಂಡಳು. ಮೊದಲು ಕೇಳಿದ್ದು ತನ್ನದೇ ಮಾತು. ಎಷ್ಟು ಚೂಪಾಗಿತ್ತು, ಥೂ. ಬಾಗಿಲಿನ ಸದ್ದು. ದೊಡ್ಡ ಮೌನ. ಆಮೇಲೆ ಅವನು, ಬೆಣ್ಣೆ ಒಂದಿಷ್ಟೂ ಇಲ್ಲದ ಒಣ ದನಿಯಲ್ಲಿ:

"ಇವಳು ಬರೆಯೋ ಜನ ಮಾತ್ರ ಎಷ್ಟು ಒಳ್ಳೆಯೋರು. ಒಬ್ಬರ ಮೇಲೊಬ್ಬರು ರೇಗಲ್ಲ. ಅಷ್ಟೆಲ್ಲ ಒಳ್ಳೆತನ ಎಲ್ಲಿಂದ ತಂದಳು? ತನ್ನೊಳಗಿಂದಲೇ ತಾನೇ? ನನಗೂ ಒಂದು ಚೂರು ಕೊಟ್ಟಿದ್ದರೆ ಗಂಟು ಹೋಗ್ತಿತ್ತಾ?"

ಬಳಿಕ ಅವನು ಬಾಕಿಯಿದ್ದ ಸಂಭಾಷಣೆ ಓದಿದ್ದ, ತನ್ನ ಸಾಲುಗಳನ್ನಷ್ಟೇ. ಕಳೆದ ಕೊಡೆಯನ್ನು ಹುಡುಕಿಕೊಂಡು ಬಂದ ಗಂಡಸಿನ ಸಾಲು, ಆಮೇಲೆ ಮೌನ. ಇನ್ನೊಂದು ಸಾಲು, ಮತ್ತೆ ಮೌನ. ಅವಳು ಈಗ ಮೆಸೇಜು ತೆರೆದಳು. 'ನಿಮ್ಮ ಸಾಲುಗಳಿಗೆ ಜಾಗ ಬಿಟ್ಟಿದ್ದೇನೆ. ಒಬ್ಬರೇ ಓದಿ ಸೇರಿಸಿಕೊಳ್ಳಿ, ನನ್ನನ್ನು ನೋಡುವ ಕಷ್ಟವಿರುವುದಿಲ್ಲ.' ಅವಳು ಮತ್ತೆ ಕೇಳಿದಳು. ಪ್ರತಿ ಮೌನದಲ್ಲೂ ಅವನು ಉಸಿರು ಹಿಡಿದು ಕಾಯುತ್ತಿರುವುದು ಕೇಳಿಸುತ್ತಿತ್ತು.

ಮರುದಿನ ಅವನು ಬಂದ. ಅದೇ ನೀಲಿ ಅಂಗಿ, ಅದೇ ದರಿದ್ರ ಕಪ್ಪು ದಾರ.

"ಯಾಕೆ ಕತ್ತರಿಸಲಿಲ್ಲ?" ಕೇಳಿದಳು.

"ಕತ್ತರಿಸೋಕೆ ಕೇಳಬೇಕಲ್ಲ. ಆ ಮಾತನ್ನ ಇನ್ನೊಂದು ಸಲ ಕೇಳೋ ಧೈರ್ಯ ಇರಲಿಲ್ಲ."

ಮೈಕಿನ ಕೆಂಪು ದೀಪ ಹತ್ತಿತು. ಅವನು ಕೊಡೆ ಕೇಳಿದ, ಅವಳು ಬಣ್ಣ ಕೇಳಿದಳು, ಅವನು ಕಪ್ಪು ಎಂದು ನೀಲಿಗೆ ತಿದ್ದಿಕೊಂಡ. ಸಂಭಾಷಣೆ ಮುಗಿಯಿತು. ಅವಳು ಏಳಲಿಲ್ಲ. ಕಾಗದವನ್ನು ಕವುಚಿ ಹಾಕಿ, ಮೈಕಿಗೇ ಹೇಳುವಂತೆ ಹೇಳಿದಳು:

"ದನಿ ತೆಗೆದರೆ ನಿಮ್ಮಲ್ಲಿ ಏನೂ ಉಳಿಯಲ್ಲ."

ಅವನ ಮುಖ ಬಾಡಿತು. ಎದ್ದು ನಿಲ್ಲಲು ಕುರ್ಚಿ ಹಿಂದೆ ಸರಿಸಿದ.

"ಅಲ್ಲ," ಎಂದಳು ಅವಳು. "ಸಾರಿ."

ಕುರ್ಚಿ ನಿಂತಿತು.

"ನೀವು ಸುಮ್ಮನಿದ್ದ ಜಾಗನೆಲ್ಲ ಕೇಳಿದೆ. ಅಲ್ಲೂ ನೀವೇ ಇದ್ರಿ. ನನಗೆ... ನೀವು ಬೇಕು."

ಕಂಬಳಿಗಳು ಆ ಮಾತನ್ನು ಹೀರಿಕೊಳ್ಳುವ ಮೊದಲೇ ಅವನು ಮುಂದಕ್ಕೆ ಬಾಗಿದ್ದ. ಹಣೆಗೆ ಹಣೆ ತಾಗಿಯೇಬಿಟ್ಟಿತು.

"ಎರಡರಲ್ಲಿ ಯಾವುದನ್ನ ಉತ್ತರ ಅಂತ ಬರ್ಕೊಳ್ಳಲಿ?"

"ಇಷ್ಟು ದಿನ ಓದಿದೀರಲ್ಲ, ಗೊತ್ತಾಗಲ್ವಾ? ಪೆದ್ದು."

"ಪರೀಕ್ಷೆಲಿ ಎರಡು ಸಲ ಕೇಳಿಸ್ತಾರೆ."

"ನಮ್ಮಲ್ಲಿ ಒಂದೇ ಸಲ. ದಡ್ಡರಿಗೆಲ್ಲ ಎರಡೆರಡು ಸಲ ಹೇಳ್ತಾ ಕೂರೋಕೆ ನನಗೆ ಪುರಸೊತ್ತಿಲ್ಲ."

ಹಾಗೆಂದು, ಕೈಚಾಚಿ ಕೆಂಪು ದೀಪ ಆರಿಸಿ, ಅವನೊಬ್ಬನಿಗೇ ಕೇಳಿಸುವಂತೆ ಇನ್ನೊಂದು ಸಲ ಹೇಳಿದಳು.